ಖಾಲಾ ಸುತ್ತಿದ ಕಾಯಿಲ್

ಖಾಲಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಾಲ್ಕು ದಿನ ತಡವಾಗಿ, ಅದೂ ರವಿವಾರ ಪೇಟೆಯ ವಾರ್ನಿಶ್ ಅಂಗಡಿಯಲ್ಲಿ. ಮೋಟಾರಿಗೆ ತಂತಿ ಸುತ್ತುವವರೆಲ್ಲ ವಾರ್ನಿಶ್ಶಿಗೆ ಅಲ್ಲಿಗೇ ಬರಬೇಕು. ಹೀಗಾಗಿ ನಮ್ಮ ಕಸುಬಿನವರ ಮದುವೆ, ಜಗಳ, ಸಾವು ಎಲ್ಲದರ ಸುದ್ದಿಯೂ ಡಬ್ಬಿಯ ಜೊತೆಗೇ ಸಿಗುತ್ತದೆ.

ಅಂಗಡಿಯವರು ಡಬ್ಬಿಯ ಧೂಳು ಒರೆಸುತ್ತ, "ನಿಮ್ಮ ಖಾಲಾ ಹೋದ್ಲಲ್ರಿ, ಮೊನ್ನಿ ಶುಕ್ರವಾರ. ಮಣ್ಣಿಗೆ ನೀವು ಕಾಣಲಿಲ್ಲ," ಎಂದರು.

"ಗೊತ್ತಾಗಲಿಲ್ರಿ," ಎಂದೆ.

ಅವರು ಡಬ್ಬಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಟ್ಟರು. ಗೊತ್ತಾಗಿದ್ದರೆ ಹೋಗುತ್ತಿದ್ದೆನೇ ಎಂದು ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಬಹುಶಃ ಹೋಗುತ್ತಿರಲಿಲ್ಲ. ಹೋಗುವ ಮುಖ ನನಗಿರಲಿಲ್ಲ.

ಅವರ ನಿಜ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಕೈಗುಣಕ್ಕೆ ನಮ್ಮೂರ ಕಾರ್ಖಾನೆಗಳ ಬಡಾವಣೆಯಾದ ಉದ್ಯಮಬಾಗದಲ್ಲಿದ್ದ ಮರ್ಯಾದೆಯನ್ನು ಒಂದೇ ಮಾತಿನಲ್ಲಿ ಕೆಡಿಸಿದವನು ನಾನು. ಈಗ ಹೆಸರು ಬರೆದು ಹೊಗಳುವ ಹಕ್ಕು ನನಗಿಲ್ಲ. ಎಲ್ಲರೂ ಖಾಲಾ ಎನ್ನುತ್ತಿದ್ದರು, ಅಂದರೆ ತಾಯಿಯ ಒಡಹುಟ್ಟಿದವಳು. ನಾನೂ ಹಾಗೆಯೇ ಅನ್ನುತ್ತೇನೆ. ನನ್ನ ತಪ್ಪನ್ನು ಹೇಳದೆ ಈ ಬರಹ ಮುಗಿಯುವಂತಿಲ್ಲ, ಆದರೆ ಅದನ್ನೇ ಮೊದಲು ಹೇಳಿಬಿಟ್ಟರೆ ಓದುವವರಿಗೆ ಬರೀ ನಾನೇ ಕಂಡೇನು. ಆದ್ದರಿಂದ ಮೊದಲು ಖಾಲಾ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಡಿಪ್ಲೊಮಾ ಮುಗಿಸಿ ಉದ್ಯಮಬಾಗದ ಒಂದು ಸಣ್ಣ ಕಾರ್ಖಾನೆ ಸೇರಿದೆ. ಗಾಳಿ ಊದುವ ಬ್ಲೋವರು, ಸಣ್ಣ ಮೋಟಾರು ನಮ್ಮ ಮಾಲು. ಮೋಟಾರಿನೊಳಗೆ ಕೂಡುವ ತಾಮ್ರದ ತಂತಿಯ ಸುರುಳಿಗೆ ಕಾಯಿಲ್ ಅನ್ನುತ್ತಾರೆ. ಅದನ್ನು ಸುತ್ತುವ ಬೆಂಚಿನಲ್ಲಿ ಐದು ಜನ ಗಂಡಸರು, ಅವರ ನಡುವೆ ಐವತ್ತು ದಾಟಿದ ಒಬ್ಬ ಹೆಂಗಸು. ತಲೆಯ ಮೇಲೆ ಸೆರಗು, ಮುರಿದ ಕನ್ನಡಕದ ಕಡ್ಡಿಗೆ ಬದಲಾಗಿ ತಾಮ್ರದ ತಂತಿ, ಹಲ್ಲಿಗೆ ಮಿಶ್ರಿ. ಹೊಗೆಸೊಪ್ಪು ಹುರಿದು ಮಾಡುವ ಆ ಕರಿ ಪುಡಿಯನ್ನು ನಮ್ಮ ಕಡೆ ಎಷ್ಟೋ ಹೆಂಗಸರು ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುತ್ತಾರೆ. ಖಾಲಾ ಮೂರು ಹೊತ್ತೂ ತಿಕ್ಕುತ್ತಿದ್ದರು. "ನಿಮ್ಮ ಬೀಡಿಕಿಂತ ಚಲೋ, ಹೊಗಿ ಬರಂಗಿಲ್ಲ," ಎಂದು ಗಂಡಸರಿಗೆ ಹೇಳುತ್ತಿದ್ದರು.

ತಂತಿಯ ಸುತ್ತುಗಳನ್ನು ಅವರು ತಮ್ಮ ಮನೆಮಾತು ದಖನಿ ಉರ್ದುವಿನಲ್ಲಿ, ತುಟಿಯೊಳಗೇ ಎಣಿಸುತ್ತಿದ್ದರು. ನಡುವೆ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಮಾಲಕರೇ ಬಂದು ನಿಂತರೂ ಎಡಗೈಯ ಒಂದು ಬೆರಳು ಮೇಲೇಳುತ್ತಿತ್ತು, ತಡೆಯಿರಿ ಎನ್ನುವಂತೆ. ಒಮ್ಮೆ ಬೆಂಚಿನವನೊಬ್ಬ ಚೇಷ್ಟೆಗೆಂದು ಪಕ್ಕದಲ್ಲಿ ಕೂತು ಬಾಯಿಗೆ ಬಂದ ಅಂಕಿಗಳನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದ. ಖಾಲಾ ತಮ್ಮ ಸುತ್ತು ಮುಗಿಸಿ, ತಂತಿ ಕತ್ತರಿಸಿ, ಕನ್ನಡಕ ಸರಿಮಾಡಿಕೊಂಡು ಅವನ ಕಡೆ ತಿರುಗಿದರು.

"ನಂದು ಮುನ್ನೂರಾ ನಲವತ್ತ ಆದ್ವು. ನಿಂದು ಎಷ್ಟಾದ್ವಪಾ?"

ಬೆಂಚೆಲ್ಲ ನಕ್ಕಿತು. ಅವನೂ ನಕ್ಕ.

ಈ ಕಸುಬು ಅವರಿಗೆ ಬಂದದ್ದು ಗಂಡನಿಂದ. ರವಿವಾರ ಪೇಟೆಯ ಹಿಂದಿನ ಗಲ್ಲಿಯಲ್ಲಿ ಅವರದೇ ವೈಂಡಿಂಗ್ ಅಂಗಡಿ ಇತ್ತು. ಗಂಡನಿಗೆ ಲಕ್ವಾ ಹೊಡೆದು ಮಾತು ಹೋಯಿತು, ಮೈ ಹೋಯಿತು, ಎಡಗೈಯ ಎರಡು ಬೆರಳು ಮಾತ್ರ ಅಲುಗುತ್ತಿದ್ದವು. ಗಿರಾಕಿಗಳು ಬಿಟ್ಟುಹೋದ ಮೋಟಾರುಗಳು ಹಾಗೇ ಬಿದ್ದಿದ್ದವು. ಖಾಲಾ ಒಂದನ್ನು ಬಿಚ್ಚಿ, ಅವನ ಹಾಸಿಗೆಯ ಪಕ್ಕ ಕೂತು ಸುತ್ತತೊಡಗಿದರು. ತಪ್ಪಿದಾಗ ಆತ ಆ ಎರಡು ಬೆರಳಿನಿಂದ ಹಾಸಿಗೆ ತಟ್ಟುತ್ತಿದ್ದ.

"ಭಾಳ ತಟ್ಟಾಂವ. ಲಕ್ವಾ ಹೊಡಿಯೂ ಮೊದಲ ನನ್ನ ಕೂಡ ಇಷ್ಟು ಮಾತಾಡಿದ್ದಿಲ್ಲ ಅಂವ," ಎಂದು ಖಾಲಾ ನಗುತ್ತಿದ್ದರು.

ಎಂಟು ವರ್ಷ ಹಾಗೆ ನಡೆಯಿತು. ಆತ ಹೋದ ಮೇಲೆ ಅಂಗಡಿಯ ಜಾಗವೂ ಕೈಬಿಟ್ಟಿತು. ಖಾಲಾ ಬಸ್ಸು ಹಿಡಿದು ಉದ್ಯಮಬಾಗಕ್ಕೆ ಬಂದರು.

ಜೇಬಿನಲ್ಲಿ ಮೂರು ಪೆನ್ಸಿಲ್ ಇಟ್ಟುಕೊಂಡು ತಿರುಗುತ್ತಿದ್ದ ನನಗೆ ಅವರಿಟ್ಟ ಹೆಸರು ನಕ್ಷಾ ಸಾಹೇಬ. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಕುಚೋದ್ಯ. ನನ್ನ ಡ್ರಾಯಿಂಗುಗಳನ್ನು ದೂರ ಹಿಡಿದು, ಸಮೀಪ ಹಿಡಿದು, "ರೇಖಿ ಭಾಳ ನೀಟ ಎಳೀತಿ ಬೇಟಾ," ಅನ್ನುತ್ತಿದ್ದರು. ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ಉಳಿದದ್ದನ್ನು ನಾನು ಊಹಿಸಿಕೊಳ್ಳಬೇಕಿತ್ತು. ಊಹಿಸಿಕೊಳ್ಳುತ್ತಿರಲಿಲ್ಲ.

ಪರಸಪ್ಪನ ಕುರ್ಚಿಯ ಕೆಲಸ ಬಂದದ್ದು ಆ ಕಾಲಕ್ಕೆ. ಪರಸಪ್ಪ ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯ ಒಂದು ಹಳ್ಳಿಯವನು. ನಮ್ಮ ಮಾಲಕರ ತಮ್ಮನ ಕಟ್ಟಿಗೆ ಅಡ್ಡೆಗೆ ಇಪ್ಪತ್ತು ವರ್ಷ ಎತ್ತಿನ ಗಾಡಿಯಲ್ಲಿ ದಿಮ್ಮಿ ಹೇರಿದವನು. ಒಂದು ದಿನ ದಿಮ್ಮಿ ಜಾರಿ ಕುತ್ತಿಗೆಯ ಮೇಲೆ ಬಿತ್ತು. ಎರಡೂ ಕಾಲು ಹೋದವು. ಕೈ ಉಳಿದವು ಎಂದರು ಡಾಕ್ಟರು, ಆದರೆ ಬೆರಳು ಮಡಚುತ್ತಿರಲಿಲ್ಲ. ಯಾರೋ ಗಾಲಿಕುರ್ಚಿ ಕೊಟ್ಟರು, ಹಿಡಿತವಿಲ್ಲದ ಕೈಗೆ ಗಾಲಿ ತಿರುಗಿಸಲಾಗಲಿಲ್ಲ. ಮಾಲಕರ ಮನಸ್ಸಿಗೆ ಅದು ಹತ್ತಿತು.

"ಮೋಟಾರು ಮಾಡೂ ಮಂದಿ ನಾವು," ಎಂದರು ನನಗೆ. "ಆ ಕುರ್ಚಿಗೆ ಎರಡು ಮೋಟಾರು ಕೂಡಸ್ರಿ. ಅಂವ ತಾನ ಓಡಾಡೂ ಹಂಗ ಆಗಲಿ."

ನಾನು ಎರಡು ದಿನದಲ್ಲಿ ನಕ್ಷೆ ಬರೆದೆ. ಎರಡು ಗಾಲಿಗೆ ಎರಡು ಮೋಟಾರು, ಸೀಟಿನ ಕೆಳಗೆ ಕಾರಿನ ಬ್ಯಾಟರಿ, ಅಳತೆಗಳೆಲ್ಲ ಅಚ್ಚುಕಟ್ಟು. ಖಾಲಾ ನೋಡಿ ಕೇಳಿದರು:

"ಇದರಾಗ ಪರಸಪ್ಪ ಎಲ್ಲಿ ಅದಾನ?"

"ಇದು ಕುರ್ಚಿ, ಖಾಲಾ."

"ಕುರ್ಚಿ ಕಾಣತೈತಿ. ಅಂವ ಎಲ್ಲಿ ಅದಾನಂತ ಕೇಳಿದೆ."

ಮುಂದಿನ ರವಿವಾರ ಇಬ್ಬರೂ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋದೆವು, ಅಲ್ಲಿಂದ ಟೆಂಪೋ. ನಾನು ಟೇಪು ತೆಗೆದು ಬಾಗಿಲು ಅಳೆದೆ, ಅಂಗಳ ಅಳೆದೆ, ಪರಸಪ್ಪನ ತೋಳು ಅಳೆದೆ, ಅರ್ಧ ಗಂಟೆಯಲ್ಲಿ ನನ್ನ ಕೆಲಸ ಮುಗಿಯಿತು. ಖಾಲಾ ಅವನ ಹೊರಸಿನ ಬಳಿ ನೆಲದ ಮೇಲೆ ಕೂತು ಎತ್ತುಗಳ ಮಾತು ತೆಗೆದರು. ಯಾವ ಎತ್ತು ಎಡಕ್ಕೆ, ಯಾವುದು ಬಲಕ್ಕೆ, ಇಳಿಜಾರಿನಲ್ಲಿ ಹೇರಿದ ಗಾಡಿ ಹೇಗೆ ಹಿಡಿಯುತ್ತೀ. ಪರಸಪ್ಪನ ಹೆಂಡತಿ ಗಂಗವ್ವ ಎರಡು ಸಲ ಚಹಾ ಮಾಡಿದಳು. ಮಾತು ಎರಡು ತಾಸು ನಡೆಯಿತು. ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ.

ತಿರುಗಿ ಬರುವಾಗ ಗಾಡಿಯಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, "ಎತ್ತಿನ ಕತಿ ಕೇಳಾಕ ಇಷ್ಟು ದೂರ ಬರಬೇಕಾಗಿತ್ತೇನ ಖಾಲಾ?"

"ಅಂವ ಮಾತಾಡೂ ಮುಂದ ಕೈ ನೋಡಿದೇನು?"

ನೋಡಿರಲಿಲ್ಲ.

"ಹೊದಿಕಿ ತನ್ನ ಕಡೆ ಎಳಕೋತಾನ. ಚಹಾದ ವಾಟಿ ಮಣಿಕಟ್ಟಿನಿಂದ ತನ್ನ ಕಡೆ ಎಳಕೋತಾನ. ದೂರ ದೂಡೂದು ಒಂದೂ ಬರಂಗಿಲ್ಲ ಅವಗ. ಘಟ್ಟ ಇಳಿಯೂ ಕತಿ ಹೇಳೂ ಮುಂದ ಎರಡೂ ಕೈ ಎದಿಗೆ ಬಂದ್ವು. ಹಗ್ಗಾ ಇದ್ದಿದ್ದಿಲ್ಲ, ಬಂದ್ವು. ಆ ಕೈ ಇಪ್ಪತ್ತ ವರ್ಷ ಅದನ್ನ ಕಲತಾವು ಬೇಟಾ. ನಾವು ಹೊಸಾದು ಏನ ಕಲಸೂದು?"

ಅದರಂತೆ ಅವರು ಮಾಡಿದ್ದು ಹೀಗಿತ್ತು. ಕುರ್ಚಿಯ ಎರಡು ಕಡೆ ದೀಪಕ್ಕೆ ಹಾಕುವಂಥ ಎಳೆಯುವ ಸ್ವಿಚ್ಚು, ಅದಕ್ಕೆ ಎರಡು ಮೆತ್ತನೆಯ ಹಗ್ಗ, ಹಗ್ಗದ ತುದಿಗೆ ಮಣಿಕಟ್ಟಿಗೆ ಸಿಗಿಸುವ ಬಟ್ಟೆಯ ಕುಣಿಕೆ. ಮೊಣಕೈಯನ್ನು ಪಕ್ಕದ ಪಟ್ಟಿಗೆ ಒರಗಿಸಿದರೆ ಕುರ್ಚಿ ನಡೆಯುತ್ತದೆ. ಬಲ ಹಗ್ಗ ಎಳೆದರೆ ಬಲಗಾಲಿ ನಿಂತು ಬಲಕ್ಕೆ ತಿರುಗುತ್ತದೆ. ಎಡ ಹಗ್ಗಕ್ಕೆ ಎಡಕ್ಕೆ. ಎರಡೂ ಎಳೆದರೆ ನಿಲ್ಲುತ್ತದೆ. ಹಿಂದಕ್ಕೆ ಹೋಗುವ ಏರ್ಪಾಡು ಇರಲಿಲ್ಲ. "ಗಾಡಿ ಹೊಡಿಯಾಂವ ಹಿಂದ ಹೋಗಂಗಿಲ್ಲ, ತಿರುವಿ ಬರ್ತಾನ," ಎಂದರು.

ಬ್ರೇಕಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಗಾಲಿಗಳನ್ನು ಯಾವಾಗಲೂ ಸ್ಪ್ರಿಂಗು ಹಿಡಿದಿರುತ್ತಿತ್ತು. ಕರೆಂಟು ಬಂದಾಗ ಮಾತ್ರ ಖಾಲಾ ಸುತ್ತಿದ ಕಾಯಿಲ್ ಆ ಹಿಡಿತವನ್ನು ಸೆಳೆದು ಬಿಡಿಸುತ್ತಿತ್ತು. ಕರೆಂಟು ನಿಂತ ಕೂಡಲೇ ಸ್ಪ್ರಿಂಗು ಮತ್ತೆ ಹಿಡಿಯುತ್ತಿತ್ತು. ಬ್ಯಾಟರಿ ಸತ್ತರೂ, ತಂತಿ ಹರಿದರೂ, ಕಾಯಿಲ್ ಸುಟ್ಟರೂ ಕುರ್ಚಿ ಕಲ್ಲಿನ ಹಾಗೆ ನಿಲ್ಲಬೇಕೆಂಬುದು ಖಾಲಾನ ಹಟ.

ಪರಸಪ್ಪನನ್ನು ಕಟ್ಟಿಗೆ ಲಾರಿಯಲ್ಲಿ ಕರೆತಂದು ಕಾರ್ಖಾನೆಯ ಅಂಗಳದಲ್ಲಿ ಕೂಡಿಸಿದೆವು. ಯಾರೂ ಏನೂ ಕಲಿಸಬೇಕಾಗಲಿಲ್ಲ. ಮಣಿಕಟ್ಟಿಗೆ ಕುಣಿಕೆ ಹಾಕುತ್ತಿದ್ದಂತೆ ಅವನು ನಾಲಿಗೆಯಿಂದ ಲೊಟಕ್ ಎಂದು ಸದ್ದು ಮಾಡಿ ಮೊಣಕೈ ಒರಗಿಸಿದ. ಕಬ್ಬಿಣದ ರಾಶಿ ಸುತ್ತಿ, ಬೇವಿನ ಗಿಡ ಸುತ್ತಿ, ಖಾಲಾನ ಮುಂದೆ ಬಂದು ಎರಡೂ ಹಗ್ಗ ಎಳೆದು ನಿಂತ. "ಹಗ್ಗದ ಮಾತು ಕೇಳತೈತಿ ಖಾಲಾ ಇದು," ಎಂದ. ಅವನ ಮುಖ ನೋಡಲಾಗದೆ ಖಾಲಾ ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಹೋದರು.

ಇಲ್ಲಿಗೆ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಖಂಡೇನವಮಿ ಹತ್ತಿರ ಬಂದಿತ್ತು. ದಸರೆಯ ಮುಂಚಿನ ದಿನ ಉದ್ಯಮಬಾಗದಲ್ಲಿ ಪ್ರತಿ ಯಂತ್ರಕ್ಕೂ ಚೆಂಡುಹೂವಿನ ಮಾಲೆ, ಕುಂಕುಮ, ಕಾಯಿ. ಆ ವರ್ಷ ಮಾಲಕರು ಊರಿನ ದೊಡ್ಡವರನ್ನು ಕರೆದು ಪರಸಪ್ಪನ ಕುರ್ಚಿಯನ್ನು ತೋರಿಸಬೇಕೆಂದರು. ಹಗ್ಗ ಕಟ್ಟಿದ ಆ ಕುರ್ಚಿಯನ್ನು ನೆನೆದು ನನಗೆ ನಾಚಿಕೆಯಾಯಿತು. ಆಗ ಎಂಥದಕ್ಕೆ ನಾಚಿಕೊಳ್ಳುತ್ತಿದ್ದೆ ನೋಡಿ. ಪರದೇಶದ ಒಂದು ಕ್ಯಾಟಲಾಗಿನಲ್ಲಿ ಫೋಟೋ ಕಂಡಿದ್ದೆ: ಕುರ್ಚಿಯ ಕೈಮೇಲೆ ಕರಿ ಗುಂಡಿನ ಒಂದು ಗಿಡ್ಡ ಕೋಲು. ಮುಂದೆ ದೂಡಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ.

"ಮನಶ್ಯಾಗ ಎತ್ತಿನ ಹಗ್ಗಾ ಕಟ್ಟಿದಂಗ ಕಾಣತೈತ್ರಿ," ಎಂದು ಮಾಲಕರ ಕಿವಿಗೆ ಹಾಕಿದವನು ನಾನೇ. "ಕರದ ಪಾಹುಣೇರ ಮುಂದ ಚಂದ ಕಾಣಂಗಿಲ್ಲ."

ಅವರು ಒಪ್ಪಿದರು. ಹಗ್ಗ ಬಿಚ್ಚಿ ಕೋಲು ಕೂಡಿಸಿದೆ. ಅದರ ತುದಿಗೆ ಪರಸಪ್ಪನ ಮಣಿಕಟ್ಟು ಕೂಡುವ ಹಾಗೆ ಒಂದು ಕವಲು ಮಾಡಿದೆ. ಅದನ್ನು ಮುಂದೆ ದೂಡಲು ಅವನು ಇಡೀ ಮೈಯನ್ನು ಬಾಗಿಸಬೇಕಾಗುತ್ತಿತ್ತು. ಹೇಗಿದೆ ಎಂದು ಕೇಳಿದರೆ, "ಚಲೋ ಐತ್ರಿ ಸಾಹೇಬ್ರ," ಎಂದ.

ಖಾಲಾ ಅಲ್ಲೇ ಇದ್ದರು. ಅವನನ್ನು ನೆರಳಿಗೆ ಕಳಿಸಿ ನನ್ನ ಹತ್ತಿರ ಬಂದರು. "ಅಂವ ನಿನಗ ಮರ್ಯಾದಿ ಕೊಟ್ಟ ಅಷ್ಟ. ಎಳದ್ರ ನಿಲ್ಲತೈತಿ ಅಂತ ಅವನ ಕೈಗೆ ಗೊತ್ತೈತಿ. ನಿನ್ನ ಕೋಲು ಎಳದ್ರ ಹಿಂದ ಓಡತೈತಿ. ಅಂಜಿದಾಗ ಕೈ ತಲಿ ಮಾತು ಕೇಳಂಗಿಲ್ಲ ಬೇಟಾ."

"ಎರಡ ದಿನ ಕಲಸ್ತೀನಿ ಖಾಲಾ, ಕಲೀತಾನ."

"ಇಪ್ಪತ್ತ ವರ್ಷದ್ದನ್ನ ಎರಡ ದಿನದಾಗ ಮರಸ್ತಿ?"

ನಾನು ಪೆನ್ಸಿಲ್ ತೆಗೆದು ಏನೋ ಬರೆಯುವವನಂತೆ ತಲೆ ತಗ್ಗಿಸಿದೆ.

ಖಂಡೇನವಮಿಯ ದಿನ ಲಾರಿಗೆ ಮಾಲು ಹೇರುವ ಕಟ್ಟೆಯನ್ನೇ ವೇದಿಕೆ ಮಾಡಿದ್ದೆವು, ಸೊಂಟದೆತ್ತರದ ಸಿಮೆಂಟಿನ ಕಟ್ಟೆ. ಕೆಳಗೆ ದೊಡ್ಡವರು ಕುರ್ಚಿಗಳಲ್ಲಿ, ಹಿಂದೆ ಕೆಲಸಗಾರರು. ಪರಸಪ್ಪನಿಗೆ ಹೊಸ ಬಿಳಿ ಅಂಗಿ, ಹಣೆಗೆ ಅರಿಶಿಣದ ಭಂಡಾರ. ಗಂಗವ್ವ ಹೆಂಗಸರ ನಡುವೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಪರಸಪ್ಪ ಮೈ ಬಾಗಿಸಿ ಕೋಲು ದೂಡಿದ, ಕುರ್ಚಿ ಮೆಲ್ಲಗೆ ಮುಂದೆ ಬಂತು. ಚಪ್ಪಾಳೆ ಬಿದ್ದವು. ನಾನು ಮಾಲಕರ ಬಾಜೂ ನಿಂತು ವಿವರಿಸುತ್ತಿದ್ದೆ.

ಅಷ್ಟರಲ್ಲಿ ಗೇಟಿನ ಬಳಿ ಲಾರಿಯ ಪೂಜೆ ಮಾಡುತ್ತಿದ್ದವರು ಪಟಾಕಿಯ ಸರ ಹಚ್ಚಿದರು. ಪರಸಪ್ಪ ಬೆಚ್ಚಿದ. ಬೆದರಿದ ಎತ್ತನ್ನು ಹಿಡಿಯುವವನ ಹಾಗೆ ಎರಡೂ ಕೈ ಎದೆಗೆ ಎಳೆದುಕೊಂಡ. ಕವಲಿನಲ್ಲಿ ಸಿಕ್ಕ ಮಣಿಕಟ್ಟಿನ ಜೊತೆ ಕೋಲೂ ಬಂತು. ಕುರ್ಚಿ ಹಿಂದಕ್ಕೆ ಓಡಿತು. ಅದು ಓಡಿದಷ್ಟೂ ಅವನು ನಿಲ್ಲಿಸಲೆಂದು ಇನ್ನೂ ಜೋರಾಗಿ ಎಳೆದ. ಕಟ್ಟೆಯ ಹಿಂದಿನ ಅಂಚಿನಿಂದ ಅವನೂ ಕುರ್ಚಿಯೂ ಕೆಳಗೆ ಬಿದ್ದರು.

ಭುಜ ಕಳಚಿತ್ತು, ತೊಡೆಯ ಎಲುಬು ಮುರಿದಿತ್ತು. ತೊಡೆಯ ನೋವು ಅವನಿಗೆ ತಿಳಿಯಲೇ ಇಲ್ಲ, ಭುಜ ಹಿಡಿದುಕೊಂಡು ನರಳುತ್ತಿದ್ದ. ಅವನನ್ನು ಜೀಪಿಗೆ ಎತ್ತಿ ಹಾಕುತ್ತಿದ್ದಾಗ ಮಾಲಕರು ಎಲ್ಲರೆದುರು ನನ್ನತ್ತ ತಿರುಗಿದರು.

"ಏನಾತು ಇದು? ಯಾಕ ನಿಂದರಲಿಲ್ಲ?"

ನನ್ನ ಬಾಯಿಂದ ಬಂದದ್ದು ಇದು: "ಬ್ರೇಕಿನ ಕಾಯಿಲ್ ಸುಟ್ಟಿರಬೇಕ್ರಿ."

ಕಾಯಿಲ್ ಸುಟ್ಟರೆ ಕುರ್ಚಿ ಓಡುವುದಿಲ್ಲ, ನಿಲ್ಲುತ್ತದೆ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ಖಾಲಾ. ಉಳಿದವರೆಲ್ಲ ಖಾಲಾನ ಕಡೆ ತಿರುಗಿದರು. ಗಂಗವ್ವನೂ ತಿರುಗಿದಳು. ಖಾಲಾ ಕೈಯಲ್ಲಿದ್ದ ಕಾಯಿಚೂರಿನ ತಟ್ಟೆಯನ್ನು ಯಾರಿಗೋ ಕೊಟ್ಟು ಮಗುಚಿಬಿದ್ದ ಕುರ್ಚಿಯ ಬಳಿ ಬಂದು ಕುಕ್ಕರುಗಾಲಲ್ಲಿ ಕೂತರು. ಕಾಯಿಲ್ ಮೇಲೆ ಅಂಗೈ ಇಟ್ಟು ನೋಡಿದರು. ಬಗ್ಗಿ ಮೂಸಿದರು. ಸುಟ್ಟ ತಂತಿಯ ವಾಸನೆ ಮರೆಮಾಚುವಂಥದಲ್ಲ, ಅಲ್ಲಿ ಅದು ಇರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ.

ಮರುದಿನದಿಂದ ಅವರನ್ನು ಬೆಂಚಿನಿಂದ ತೆಗೆದು ಡಬ್ಬಿ ತುಂಬುವ ಕಡೆ ಹಾಕಿದರು. ಚೇಷ್ಟೆ ಮಾಡುತ್ತಿದ್ದವನು ಅವರ ಜಾಗದಲ್ಲಿ ಕೂತ. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಹತ್ತು ಹನ್ನೆರಡು ದಿನದ ಮೇಲೆ, ಸಂಜೆ ಬಸ್ ಸ್ಟಾಪಿನಲ್ಲಿ ನಾವಿಬ್ಬರೇ ಆದೆವು. ಅವರು ರಸ್ತೆ ನೋಡುತ್ತಲೇ ಕೇಳಿದರು:

"ಕಾಯಿಲ್ ಸುಟ್ರ ಗಾಲಿ ತಿರಗತೈತೇನು, ನಕ್ಷಾ ಸಾಹೇಬ?"

"ಇಲ್ಲ ಖಾಲಾ."

"ಗೊತ್ತಿತ್ತು ನಿನಗ?"

"ಗೊತ್ತಿತ್ತು."

"ಗೊತ್ತಿಲ್ಲದ ಅಂದ್ಯಂತ ತಿಳಕೊಂಡಿದ್ದೆ ನಾ. ಹುಡುಗ ಅದಾನ, ಮಂದಿ ಮುಂದ ತಿದ್ದಬಾರದು, ಆಮ್ಯಾಲ ಕರದು ಹೇಳಿಕೊಟ್ರಾತು ಅಂತ ಅವತ್ತ ಬಾಯಿ ಮುಚ್ಚಿದೆ."

ಬಸ್ಸು ಬಂತು. ಅವರು ಹತ್ತಿದರು. ಅದೇ ಬಸ್ಸು ನನಗೂ ಬೇಕಿತ್ತು, ನಾನು ಹತ್ತಲಿಲ್ಲ.

ಮಾತು ಬಿಚ್ಚಿಟ್ಟರೆ ಹಗುರ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಮಾಲಕರ ಖೋಲಿ ಬಸ್ ಸ್ಟಾಪಿನಿಂದ ಇನ್ನೂರು ಹೆಜ್ಜೆ. ಮರುದಿನ ಹೇಳಬಹುದಿತ್ತು, ಅದರ ಮರುದಿನವೂ ಹೇಳಬಹುದಿತ್ತು. ತಿಂಗಳೊಳಗೆ ಖಾಲಾ ಕೆಲಸ ಬಿಟ್ಟರು, ನಾನು ವರ್ಷದೊಳಗೆ ಇಡೀ ವಿಭಾಗಕ್ಕೆ ಮೇಲ್ವಿಚಾರಕನಾದೆ. ಆಮೇಲೆ ಒಂದೆರಡು ಸಲ ಪೇಟೆಯಲ್ಲಿ ದೂರದಿಂದ ಕಂಡಿದ್ದರು. ಒಮ್ಮೆ ನಾನು ಅಡ್ಡ ಗಲ್ಲಿಗೆ ತಿರುಗಿದೆ. ಆ ಗಲ್ಲಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ವಾರ್ನಿಶ್ ಅಂಗಡಿಯಲ್ಲಿ ಸುದ್ದಿ ಕೇಳಿದ ಮರುದಿನ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆರೆದು, ನನ್ನ ಜೇಬಿನ ಪೆನ್ಸಿಲ್ಲುಗಳನ್ನು ನೋಡಿ, ನಾನು ಯಾರೆಂದು ಹೇಳುವ ಮೊದಲೇ, "ನಕ್ಷಾ ಸಾಹೇಬ್ರು ಅಂದ್ರ ನೀವ ಏನ್ರಿ?" ಎಂದಳು.

"ಹೌದವ್ವಾ. ಅಮ್ಮ ಏನರ ಹೇಳತಿದ್ರೇನು?"

"ರೇಖಿ ಭಾಳ ನೀಟ ಎಳೀತಾನ ಅಂತಿದ್ರು."

ಅಷ್ಟು ವರ್ಷ ಮನೆಯಲ್ಲಿ ಅವರು ನನ್ನ ಬಗ್ಗೆ ಹೇಳಿದ್ದು ಅಷ್ಟೇ. ನನ್ನ ಸುಳ್ಳಿನ ವಿಷಯ ಹೇಳಿರಲಿಲ್ಲ. ಆಮೇಲೆ ಮಗಳು ಮಾತಿಗೆ ಮಾತು ಸೇರಿಸುತ್ತ ನನಗೆ ಗೊತ್ತಿಲ್ಲದ್ದನ್ನು ಹೇಳಿದಳು. ಗುಜರಿಗೆ ಹಾಕಿದ್ದ ಆ ಕುರ್ಚಿಯನ್ನು ಖಾಲಾ ಮಾಲಕರಿಂದ ಬೇಡಿ ತಂದಿದ್ದರಂತೆ. ಕೋಲು ಕಿತ್ತು ಮತ್ತೆ ಹಗ್ಗ ಹಾಕಿ, ಕಟ್ಟಿಗೆ ಲಾರಿಯವನನ್ನು ಒಪ್ಪಿಸಿ ಪರಸಪ್ಪನ ಮನೆಗೆ ಮುಟ್ಟಿಸಿದ್ದರಂತೆ. ಎರಡು ಸಲ ತಾವೇ ಹೋಗಿದ್ದರಂತೆ. "ಎರಡನೇ ಸಲ ಬಂದು ಪರಸಪ್ಪ ಕುರ್ಚಿಯಾಗ ಕುಂದರಾಕ ಒಲ್ಲೆ ಅಂತಾನ ಅಂದ್ರು, ಅಷ್ಟ."

ಆರು ವರ್ಷವಾಗಿತ್ತು ಅದಕ್ಕೆ. ನಾನು ಆ ರವಿವಾರವೇ ಖಾನಾಪುರದ ಗಾಡಿ ಹತ್ತಿದೆ.

ಪರಸಪ್ಪನ ಕುರ್ಚಿ ಈಗ ನಡೆಯುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ವಾರ ಹೊಸ ಬ್ಯಾಟರಿ ಒಯ್ದು ಜೋಡಿಸಿದೆ. ಖಾಲಾ ಸುತ್ತಿದ್ದರಲ್ಲಿ ಏನನ್ನೂ ಮುಟ್ಟಬೇಕಾಗಲಿಲ್ಲ. ಅವನು ಹಲಸಿ ರಸ್ತೆಯ ಚಹಾದಂಗಡಿಯವರೆಗೆ ಒಬ್ಬನೇ ಹೋಗುತ್ತಾನೆ. ಇದನ್ನು ಕೇಳಿ ಯಾರಾದರೂ ನನ್ನನ್ನು ಒಳ್ಳೆಯವನು ಅಂದುಕೊಳ್ಳಬಾರದು, ಅದಕ್ಕಾಗಿಯೇ ಆ ಮೊದಲ ರವಿವಾರ ಏನಾಯಿತೆಂಬುದನ್ನೂ ಹೇಳುತ್ತೇನೆ.

ನನ್ನನ್ನು ಕಂಡು ಗಂಗವ್ವ ಕಂಬಳಿ ಝಾಡಿಸಿ ಹಾಸಿದಳು. "ಬರ್ರಿ ಸಾಹೇಬ್ರ, ಕುಂದರ್ರಿ. ಎಷ್ಟ ವರ್ಷಕ್ಕ ಬಂದ್ರಿ." ಒಳಗೆ ಹೋಗಿ ಒಲೆ ಹಚ್ಚಿದಳು. ಪರಸಪ್ಪ ಅದೇ ಹೊರಸಿನ ಮೇಲಿದ್ದ, ಇನ್ನೂ ತೆಳ್ಳಗಾಗಿದ್ದ. ಕೊಟ್ಟಿಗೆಯ ಮೂಲೆಯಲ್ಲಿ ಕುರ್ಚಿ ಕಾಣುತ್ತಿತ್ತು. ಸೀಟಿನ ಮೇಲೆ ಕೋಳಿ ಕೂತಿತ್ತು.

ಖಾಲಾ ಹೋದರೆಂದು ಹೇಳಿದೆ.

"ಪಾಪ," ಎಂದ ಪರಸಪ್ಪ. "ಮನಸ್ಸು ಚಲೋ ಇತ್ರಿ ಅಕೀದು. ಕೈಕೆಲಸ ಅಷ್ಟ ಸರಿ ಇದ್ದಿದ್ದಿಲ್ಲ. ಕಾಯಿಲ್ ಸುಟ್ಟಿತಂತ ನೀವ ಹೇಳಿದ್ರಲ್ಲ ಅವತ್ತು. ಮತ್ತ ತಂದ್ಲು ಆ ಕುರ್ಚಿನ. ನಿಂದರ್ತೈತಿ ತಮ್ಮಾ, ಒಮ್ಮೆ ಕುಂತ ನೋಡು ಅಂದ್ಲು. ಕುಂದರಾಕ ಧೈರ್ಯ ಬರಲಿಲ್ರಿ."

ಗಂಗವ್ವ ಚಹಾ ತಂದುಕೊಟ್ಟು ಒಲೆಯ ಬಳಿ ಹೋದಳು. ನಾನು ಅರ್ಧ ಕುಡಿದು ಬಟ್ಟಲು ಕೆಳಗಿಟ್ಟೆ. "ಕಾಯಿಲ್ ಸುಟ್ಟಿರಲಿಲ್ಲ ಪರಸಪ್ಪ," ಎಂದೆ. ಎಲ್ಲವನ್ನೂ ಹೇಳಿದೆ. ಹಗ್ಗ ಬಿಚ್ಚಿಸಿದವನು ನಾನು, ಕೋಲು ಹಿಂದೆ ಓಡಿಸುವ ಹಾಗೆ ಮಾಡಿದವನು ನಾನು, ಅದು ಹೀಗಾಗುತ್ತದೆಂದು ಖಾಲಾ ಮೊದಲೇ ಹೇಳಿದ್ದರು, ಕಾಯಿಲ್ ಸುಟ್ಟಿದ್ದರೆ ಕುರ್ಚಿ ಅಲ್ಲಾಡುತ್ತಲೇ ಇರಲಿಲ್ಲ, ನಾನು ಗೊತ್ತಿದ್ದೇ ಸುಳ್ಳು ಹೇಳಿದೆ.

ಅವನು ಬಹಳ ಹೊತ್ತು ಜಂತಿ ನೋಡುತ್ತ ಮಲಗಿದ್ದ. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಇದನ್ನ ಅಕಿ ಇದ್ದಾಗ ಯಾರಿಗರ ಹೇಳಿದ್ರೇನ್ರಿ?"

"ಇಲ್ಲ."

"ಹಂಗಾದ್ರ ನನಗಷ್ಟ ಹೇಳಿದ್ರ ಆಗಂಗಿಲ್ರಿ. ಗಂಗವ್ವಾ, ಬಾ ಇಲ್ಲಿ. ಸಾಹೇಬ್ರು ಏನೋ ಹೇಳತಾರ, ಕೇಳು."

ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಎದ್ದು ನಿಂತು ಮತ್ತೊಮ್ಮೆ, ಮೊದಲಿನಿಂದ, ಎಲ್ಲವನ್ನೂ ಹೇಳಿದೆ. ಎರಡನೇ ಸಲಕ್ಕೆ ಮಾತು ಗಿಡ್ಡವಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಗಂಗವ್ವ ಕೇಳುತ್ತ ಕೇಳುತ್ತ ಕಂಬಕ್ಕೆ ಆನಿಕೊಂಡಳು. ಹಾಗೇ ಜಾರಿ ಕೂತಳು. ನನ್ನ ಕಡೆ ನೋಡಲಿಲ್ಲ, ಅಂಗಳದಾಚೆ ನೋಡುತ್ತ ಅಂದಳು:

"ಎರಡನೇ ಸಲ ಬಂದಾಗ ಕಡಾ ಬ್ಯಾಸಗಿ ಇತ್ರಿ. ರಸ್ತಾದಿಂದ ನಡಕೋತ ಬಂದಿದ್ಲು. ಒಳಗ ಬಾ ಅನ್ನಲಿಲ್ಲ ನಾ. ಬಾಗಲದಾಗ ನಿಂತು ನೀರು ಕೇಳಿದ್ಲು. ಬಾವಿ ಅಲ್ಲೈತಿ ಅಂದೆ."

ಪರಸಪ್ಪ ನನ್ನ ಬಟ್ಟಲಿನ ಕಡೆ ನೋಡಿ, "ಚಹಾ ಆರಿತು, ಕುಡೀರಿ," ಎಂದ.

ಬಿಟ್ಟರೆ ಗಂಗವ್ವನಿಗೆ ಅವಮಾನ, ಕುಡಿಯಲು ನನಗೆ ಯೋಗ್ಯತೆಯಿಲ್ಲ. ಉಳಿದರ್ಧವನ್ನು ನಿಂತುಕೊಂಡೇ ಕುಡಿದೆ. ಒಳ್ಳೆಯ ಹಾಲು ಹಾಕಿ, ಏಲಕ್ಕಿ ಜಜ್ಜಿ ಮಾಡಿದ ಚಹಾ ಅದು.